ಗೌರಿಯ ಕಿವಿಯೋಲೆ

‘ಒಂದು ತಪ್ಪು ಮಾಡಿದ್ದೇನೆ. ಅದೀಗ ಯಾವುದೋ ಹಸುವಿನ ಕಿವಿಯಲ್ಲಿದೆ.’

ಬೆಳಿಗ್ಗೆ ಡೈರಿಯಲ್ಲಿ ಇಷ್ಟು ಬರೆದು ಸೌಂದರ್ಯ ಪೆನ್ನು ಮುಚ್ಚಿದ್ದಳು. ಬಿ.ಎಸ್ಸಿ. ಮುಗಿಸಿ ರಾವಂದೂರಿನ ಹಾಲಿನ ಡೇರಿಯಲ್ಲಿ ಹಸುಗಳ ವಿವರ ಟ್ಯಾಬ್‌ಗೆ ತುಂಬುವ ಕೆಲಸಕ್ಕೆ ಸೇರಿ ಇನ್ನೂ ಎರಡೇ ವಾರ. ಕೆಲಸ ಕಲಿಸಲು ಬಂದವನು ಕಾಂತರಾಜು, ಚುಂಚನಕಟ್ಟೆ ಕಡೆಯವನು. ಅಭ್ಯಾಸಕ್ಕೆಂದು ಅವಳ ಕೈಗೆ ಹಸುವಿನ ಕಿವಿಗೆ ಹಾಕುವ ಒಂದು ಹಳದಿ ಓಲೆ ಕೊಟ್ಟು, “ಟ್ಯಾಬ್‌ನಲ್ಲಿ ಇದ್ರ ನಂಬರ್ ಕೆಳಗೆ ಷರಾ ಅಂತ ಇದ್ಯಲ್ಲ, ಅಲ್ಲಿ ಏನಾದ್ರೂ ಬರೀರಿ” ಎಂದಿದ್ದ.

ಅವನು ಅತ್ತ ತಿರುಗಿದಾಗ ಅವಳು ಬರೆದುಬಿಟ್ಟಿದ್ದಳು: ‘ಕಾಂತರಾಜು ಹತ್ತಿರ ಬಂದರೆ ನನಗೆ ಮಾತೇ ಬರುವುದಿಲ್ಲ. ಆದರೂ ದಿನಾ ಬರಲಿ.’

ಅಳಿಸುವ ಅಧಿಕಾರ ಅವನ ಪಾಸ್‌ವರ್ಡಿಗೆ ಮಾತ್ರ ಎಂದು ಆಮೇಲೆ ಗೊತ್ತಾಯಿತು. ಗಾಬರಿಯಲ್ಲಿ ಓಲೆಯನ್ನು ಉಳಿದ ಓಲೆಗಳ ಡಬ್ಬಿಗೆ ಹಾಕಿದಳು. ನಿನ್ನೆ ಡಬ್ಬಿಯ ಓಲೆಗಳೆಲ್ಲ ನಲವತ್ತು ಹಸುಗಳ ಕಿವಿಗೇರಿದವು. ಇವತ್ತು ಒಂದೊಂದನ್ನೇ ಓದಿ ವಿವರ ತುಂಬುವ ದಿನ.

ಡೇರಿಯ ಅಂಗಳದ ಹೊಂಗೆ ನೆರಳಲ್ಲಿ ಹಸುಗಳು ಸಾಲಾಗಿ ನಿಂತಿದ್ದವು. ಪಕ್ಕದ ಬ್ಯಾರನ್ ಗೂಡಿನಲ್ಲಿ ಬೇಯುತ್ತಿದ್ದ ಹೊಗೆಸೊಪ್ಪಿನ ವಾಸನೆ ಗಾಳಿಯಲ್ಲಿ ಸಿಹಿಯಾಗಿ ತೇಲುತ್ತಿತ್ತು.

“ನಾನೇ ಓದಿಸ್ಲಾ?” ಎಂದು ಅವಳು ಕಾಂತರಾಜುವಿನ ಕೈಲಿದ್ದ, ಓಲೆ ಓದುವ ರೀಡರಿಗೆ ಕೈಚಾಚಿದಳು.

“ಹೊಸ ಕೈ ನಿಮ್ದು. ಹಸು ಹೆದರ್ಕೊಂಡಾತು ಕಣ್ರೀ” ಎಂದು ಅವನು ನಕ್ಕ. ನಕ್ಕಾಗ ಅವನ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಅವಳ ಡೈರಿಯಲ್ಲಿ ಆ ಹುಬ್ಬಿಗೇ ಅರ್ಧ ಪುಟವಿತ್ತು.

ಬೀಪ್. ಬೀಪ್. ಪ್ರತಿ ಸದ್ದಿಗೂ ಅವಳು ಟ್ಯಾಬಿನತ್ತ ಇಣುಕುತ್ತಿದ್ದಳು. ಮೂವತ್ತೊಂಬತ್ತು ಮುಗಿದವು. ಉಳಿದದ್ದು ಭದ್ರಮ್ಮನ ಹಸು ಗೌರಿ ಒಂದೇ.

“ಅಲ್ಲ ಮಗ, ಈ ಓಲೆಗೆ ಸೆಲ್ ಮುಗುದೋದ್ರೆ ಏನ್ ಮಾಡದು?” ಭದ್ರಮ್ಮ ಹಗ್ಗ ಬಿಗಿಹಿಡಿದು ಕೇಳಿದಳು.

“ಇದ್ರಾಗೆ ಸೆಲ್ಲೇ ಇಲ್ಲ ಕಣಮ್ಮ. ಸುತ್ತಿರೋ ತಂತಿ, ಎಳ್ಳುಕಾಳಿನಷ್ಟು ಚಿಪ್, ಅಷ್ಟೇ. ಈ ರೀಡರ್ ರೇಡಿಯೋ ಅಲೆ ಕಳಿಸ್ತದೆ. ಆ ಅಲೆಯಿಂದ್ಲೇ ಓಲೆಗೆ ಶಕ್ತಿ ಬರ್ತದೆ. ಆಗ ತನ್ನ ನಂಬರ್ ಹೇಳ್ತದೆ. ನಂಬರ್ ಸಿಕ್ರೆ ಸಾಕು, ಲಸಿಕೆ, ಕರು, ಎಲ್ಲಾ ಟ್ಯಾಬ್‌ನಲ್ಲಿ ಬತ್ತದೆ.”

“ಅಂಗಾರೆ ಅತ್ರ ಬರೋಗಂಟ ಬಾಯೇ ಬುಡಕಿಲ್ಲ ಅನ್ನು!”

“ಒಂದು ಗೇಣಿನಷ್ಟು ಹತ್ರ ಹೋಗ್ಬೇಕು. ವರ್ಷಗಟ್ಲೆ ಸುಮ್ನೆ ಇರ್ತದೆ. ಕೇಳಿದ್ರೆ ಮಾತ್ರ ಹೇಳ್ತದೆ. ನಂಗೆ ಇದ್ರಾಗೆ ಅದೇ ಇಷ್ಟ.”

ಕಾಳಿನಷ್ಟು ವಸ್ತುವಿನ ಬಗ್ಗೆ ಇಷ್ಟು ಅಕ್ಕರೆಯಿಂದ ಮಾತಾಡುವವನನ್ನು ಅವಳು ನೋಡಿಯೇ ಇರಲಿಲ್ಲ. ಭಯದ ನಡುವೆಯೂ ಹೆಮ್ಮೆಯಾಯಿತು.

ಬೀಪ್.

ಅವನು ಟ್ಯಾಬ್ ನೋಡಿದ. ಇನ್ನೊಮ್ಮೆ ನೋಡಿದ. ಎಡಹುಬ್ಬು ಮೇಲೇರಲಿಲ್ಲ. ಕಿವಿ ಮಾತ್ರ ನಿಧಾನಕ್ಕೆ ಕೆಂಪಾಯಿತು.

“ಯಾಕ್ಲಾ ಮಗ, ನಮ್ ಗೌರಿಗೆ ಕಾಯ್ಲೆ ಗೀಯ್ಲೆ ಅಂತ ಬಂತಾ?”

“ಇಲ್ಲ ಕಣಮ್ಮ. ಗೌರಿ ಚೆನ್ನಾಗವ್ಳೆ. ನೀವು ನೀರು ಕುಡಿಸ್ಕೊಂಡು ಬನ್ನಿ.”

ಭದ್ರಮ್ಮ ಹಸುವನ್ನು ತೊಟ್ಟಿಯ ಕಡೆ ನಡೆಸಿದಳು. ಕಾಂತರಾಜು ಪಾಸ್‌ವರ್ಡ್ ಒತ್ತಿ, ಟ್ಯಾಬನ್ನು ಸೌಂದರ್ಯಳ ಕಡೆ ತಿರುಗಿಸಿದ. ‘ಅಳಿಸು’ ಎಂಬ ಗುಂಡಿಯ ಮೇಲೆ ಅವನ ಬೆರಳು ನಿಂತಿತ್ತು.

“ಅಭ್ಯಾಸಕ್ಕೆ ಏನೋ ಬರ್ದಿರ್ತೀರ” ಎಂದ, ಅವಳ ಮುಖ ನೋಡದೆ. “ತಪ್ಪು ಎಂಟ್ರಿ ಅಂತ ತೆಗೆದುಬಿಡ್ಲಾ? ನಾನು ಓದೇ ಇಲ್ಲ ಅಂದ್ಕೊಳ್ಳಿ.”

ಹೂಂ ಎಂದರೆ ಸಾಕಿತ್ತು. ಮಾನ ಉಳಿಯುತ್ತಿತ್ತು. ಸಂಜೆಯ ಬಸ್ಸಿಗೆ ಅವನು ಹೊರಟುಹೋಗುತ್ತಿದ್ದ. ಡೈರಿಯಲ್ಲಿ ಇನ್ನೊಂದು ಪುಟ ತುಂಬುತ್ತಿತ್ತು, ಅಷ್ಟೆ.

ಅವನು ನಿಂತಿದ್ದದ್ದು ಒಂದು ಗೇಣಿಗಿಂತ ತುಸು ದೂರ. ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

“ಹಸುವಿನ ಕಿವಿಗೆ ಹೋಗಿದ್ದು ತಪ್ಪು” ಎಂದಳು. “ಬರೆದಿದ್ದು ತಪ್ಪಲ್ಲ.”