ಮಾತಾಡದ ಕ್ಯಾಲೆಂಡರ್

ವರದಿಯಲ್ಲಿ ಇದ್ದದ್ದು ಎರಡೇ ಸಾಲು. 'ಈ ಕ್ಯಾಲೆಂಡರ್ ನನ್ನ ಜೊತೆ ಮಾತಾಡಲ್ಲ. ಫೇಲ್.'

ಐದು ತಿಂಗಳ ಕೆಲಸ. ಅವಳಿಗೆ ಕೋಪ ನೆತ್ತಿಗೇರಿತು.

ಕ್ಲಿನಿಕ್ಕುಗಳಿಗೆ ಆ್ಯಪ್ ಮಾಡಿಕೊಡುವ ಕಂಪನಿ ಅದು. ಹದಿನಾಲ್ಕು ಆ್ಯಪ್‌ಗಳಿಗೂ ಬೇಕಾದ ಬಟನ್ನು, ಮೆನು, ಫಾರಂಗಳನ್ನೆಲ್ಲ ಒಂದೇ ಕಡೆ ರೂಪಿಸಿ ಹಂಚುವ ಡಿಸೈನ್ ಸಿಸ್ಟಮ್ ತಂಡದಲ್ಲಿ ಅವಳು ಡಿಸೈನರ್. ಡಾಕ್ಟರ ಭೇಟಿಗೆ ದಿನ ಆರಿಸಿಕೊಳ್ಳುವ ಈ ಕ್ಯಾಲೆಂಡರ್ ಅವಳೊಬ್ಬಳೇ ಹೊತ್ತು ಮಾಡಿದ ಮೊದಲ ಕೆಲಸ. ತಿಳಿನೀಲಿ ವೃತ್ತದೊಳಗೆ ಒಂದೊಂದು ದಿನ. ನೋಡಿದವರೆಲ್ಲ ಮೆಚ್ಚಿದ್ದರು.

ಫೇಲ್ ಮಾಡಿದವನು ಮೂರನೇ ಮಹಡಿಯ ಹೊಸ ಟೆಸ್ಟರ್. ಬಂದ ಒಂದೇ ತಿಂಗಳಲ್ಲಿ ಆಫೀಸು ಅವನಿಗೆ ಖಡಕ್ ಅಂತ ಹೆಸರಿಟ್ಟಿತ್ತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಅವನ ಮೇಜಿನ ಮುಂದೆ ನಿಂತಳು.

"ನನ್ನ ಕ್ಯಾಲೆಂಡರ್ ಫೇಲ್ ಮಾಡಿದ್ದು ನೀವೇ ತಾನೆ? ಸ್ಕ್ರೀನ್ ಆನ್ ಮಾಡಿ. ಎಲ್ಲಿ ತಪ್ಪಿದೆ ತೋರಿಸಿ."

"ಆನ್ ಮಾಡಬಹುದು," ಅಂದ ಅವನು. "ನನಗೇನೂ ವ್ಯತ್ಯಾಸ ಆಗಲ್ಲ. ನನಗೆ ಕಣ್ಣು ಕಾಣಲ್ಲ."

ಆಗಷ್ಟೇ ಅವಳು ಮೇಜಿಗೆ ಒರಗಿಸಿದ್ದ ಬಿಳಿ ಕೋಲು ನೋಡಿದಳು. ಹೊತ್ತು ತಂದ ಕೋಪವನ್ನು ಎಲ್ಲಿ ಇಳಿಸುವುದೋ ತಿಳಿಯಲಿಲ್ಲ.

"ಅಯ್ಯೋ ಪಾಪ ಅಂತ ಮಾತ್ರ ಅನ್ಬೇಡಿ. ಕೂತ್ಕೊಳ್ಳಿ. ಇದನ್ನ ಹಾಕ್ಕೊಳ್ಳಿ."

ಅವನ ಹೆಡ್‌ಫೋನ್. ಪರದೆಯ ಮೇಲಿರುವುದನ್ನು ಓದಿ ಹೇಳುವ ಯಂತ್ರದ ದನಿ ಅವಳ ಕ್ಯಾಲೆಂಡರನ್ನು ಓದಿತು: ಬಟನ್. ಬಟನ್. ಬಟನ್. ಮೂವತ್ತೊಂದು ಸಲ ಬಟನ್. ಯಾವ ತಿಂಗಳು, ಯಾವ ವಾರ, ಯಾವ ದಿನ ಖಾಲಿ, ಒಂದೂ ಇಲ್ಲ.

"ಇದರಲ್ಲಿ ಹದಿನೇಳನೇ ತಾರೀಖು ಯಾವುದು, ಹೇಳಿ ಡಿಸೈನರ್ ಮೇಡಂ."

ಅವಮಾನಕ್ಕೆ ಅವಳ ಕಿವಿ ಬಿಸಿಯಾಯಿತು. "ನಾಳೆ ಮಧ್ಯಾಹ್ನ ಬರ್ತೀನಿ. ಪೂರ್ತಿ ಹೇಳಿಕೊಡಿ. ಆದ್ರೆ ಇಷ್ಟು ಗತ್ತು ಬೇಡ."

"ಗೊತ್ತಿರೋದನ್ನ ಗತ್ತಿಲ್ಲದೆ ಹೇಳೋದು ಕಷ್ಟ," ಅಂದ. "ಪ್ರಯತ್ನ ಮಾಡ್ತೀನಿ."

ಹಾಗೆ ಶುರುವಾದವು ಅವರ ಮಧ್ಯಾಹ್ನಗಳು. ದಿನಾ ಜಗಳ. ಮೌಸ್ ಮುಟ್ಟದೆ ಬರೀ ಕೀಲಿಗಳಿಂದ ದಿನದಿಂದ ದಿನಕ್ಕೆ ಹೋಗುವಂತಿರಬೇಕು ಅಂತ ಅವನು. ಪ್ರತಿ ದಿನವೂ ತನ್ನ ವಾರ, ತಾರೀಖು ಬಾಯಿಬಿಟ್ಟು ಹೇಳಬೇಕು. ಖಾಲಿ ಇಲ್ಲದ ದಿನಕ್ಕೆ ಬೂದು ಬಣ್ಣ ಬಳಿದು ಕೈತೊಳೆದುಕೊಂಡರೆ ಸಾಲದು. ಅವಳು ವಾದಿಸುತ್ತಿದ್ದಳು, ಸೋಲುತ್ತಿದ್ದಳು, ಸೋತದ್ದಕ್ಕೆ ಸಿಡುಕುತ್ತಿದ್ದಳು.

ಅವನು ಆ ದನಿಯನ್ನು ಓಡಿಸುತ್ತಿದ್ದ ವೇಗಕ್ಕೆ ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವಳು ಬಂದು ಕೂತ ಕೂಡಲೇ, ಕೇಳದೆಯೇ, ಎರಡು ಕೀಲಿ ಒತ್ತಿ ವೇಗ ಇಳಿಸುತ್ತಿದ್ದ. ಅದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ಆ ಟಕ್ ಟಕ್ ಅವಳಿಗೆ ಸುಮ್ಮಸುಮ್ಮನೆ ನೆನಪಾಗುತ್ತಿತ್ತು.

ಗಮನವಿಟ್ಟು ಕೇಳುವಾಗ ಅವನ ಕೆಳತುಟಿ ಒಂದು ಬದಿಗೆ ಸರಿಯುತ್ತಿತ್ತು. ಗೆದ್ದಾಗ ಎಡ ಹುಬ್ಬು ಮಾತ್ರ ಏರುತ್ತಿತ್ತು. ಅವನಿಗೆ ತಿಳಿಯದೆ ಇದನ್ನೆಲ್ಲ ನೋಡುವುದು ಕದ್ದಂತೆ ಅನ್ನಿಸಿ, ಒಂದು ದಿನ ಹೇಳಿಯೇಬಿಟ್ಟಳು.

"ನಿಮ್ಮನ್ನ ನೋಡ್ತಾ ಇದ್ದೆ."

"ಗೊತ್ತು. ನೀವು ಟೈಪ್ ಮಾಡೋದು ನಿಲ್ಲಿಸಿ ಎರಡು ನಿಮಿಷ ಆಯ್ತು." ಹುಬ್ಬು ಏರಿತು. "ನೋಡೋ ಹಾಗಿದ್ದೀನಾ?"

"ಸುಮಾರಾಗಿದ್ದೀರ."

"ಸದ್ಯಕ್ಕೆ ಅಷ್ಟು ಸಾಕು."

ಇನ್ನೂ ಎರಡು ವಾರದ ಕೆಲಸ ಬಾಕಿ ಇರುವಾಗಲೇ ಮ್ಯಾನೇಜರ್ ಕ್ಯಾಲೆಂಡರನ್ನು ಹಳೇ ರೂಪದಲ್ಲೇ ರಿಲೀಸ್ ಮಾಡಿಸಿದರು. ಡಿಸೈನ್ ತಂಡಕ್ಕಷ್ಟೇ ಬಂದ ಮೇಲ್‌ನ ಕೊನೆಯಲ್ಲಿ 'ಪರೀಕ್ಷಿಸಿ ಪಾಸ್ ಮಾಡಿದವರು' ಅಂತ ಅವನ ಹೆಸರಿತ್ತು.

"ಸರ್, ಅವರು ಪಾಸ್ ಮಾಡಿಲ್ಲ," ಅಂದಳು.

"ಎರಡು ವಾರ ಆದ್ಮೇಲೆ ಮಾಡ್ತಾರಲ್ಲ. ಅದಕ್ಕೇನಂತೆ? ನಿನ್ನ ಮೊದಲ ಕೆಲಸ ಹೊರಗೆ ಬಂತು, ಖುಷಿಪಡು. ನಿನ್ನನ್ನ ಟೀಮ್ ಲೀಡ್ ಮಾಡೋ ವಿಷಯ ನನ್ನ ತಲೇಲಿದೆ."

ಅವಳು ತನ್ನ ಮೇಜಿಗೆ ಮರಳಿದಳು. ಮಧ್ಯಾಹ್ನ ಮೂರನೇ ಮಹಡಿಗೆ ಹೋದಳು. ಅವನು ಎಂದಿನಂತೆ ಎರಡು ಕೀಲಿ ಒತ್ತಿದ. ಅವಳು ಹೆಡ್‌ಫೋನ್ ಹಾಕಿಕೊಂಡಳು. ಮೇಲ್ ವಿಷಯ ಹೇಳಲಿಲ್ಲ.

ಆರನೇ ದಿನ ಅವಳು ಹೋದಾಗ ಹೆಡ್‌ಫೋನ್ ಮೇಜಿನ ಮೇಲೆ ಮಡಚಿಟ್ಟಿತ್ತು.

"ಹಳೇ ಕ್ಯಾಲೆಂಡರೇ ರಿಲೀಸ್ ಆಗಿದ್ದು ನಿಮಗೆ ಗೊತ್ತಿತ್ತಾ?" ಅಂದ.

"ಗೊತ್ತಿತ್ತು."

ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನಮ್ಮ ಚಿಕ್ಕಮ್ಮಂಗೂ ನನ್ನದೇ ಕಣ್ಣಿನ ಕಾಯಿಲೆ. ಈಗ ಪೂರ್ತಿ ಕಾಣಲ್ಲ. ಅವಳು ಹೋಗೋ ಕ್ಲಿನಿಕ್ಕಿನ ಆ್ಯಪ್ ನಾನು ಟೆಸ್ಟ್ ಮಾಡ್ತಿದ್ದೀನಿ, ಇನ್ಮೇಲೆ ಯಾರ ಹಂಗೂ ಬೇಡ ನಿನಗೆ ಅಂತ ಕೊಚ್ಚಿಕೊಂಡಿದ್ದೆ. ನಿನ್ನೆ ಬೆಳಿಗ್ಗೆಯೆಲ್ಲಾ ಕೂತು ಬಟನ್ ಬಟನ್ ಅಂತ ಕೇಳಿದ್ದಾಳೆ. ಆಮೇಲೆ ಪಕ್ಕದ ಮನೆಯವರನ್ನ ಕರೆದು ಬುಕ್ ಮಾಡಿಸಿಕೊಂಡಿದ್ದಾಳೆ. ಯಾವ ಡಾಕ್ಟರು, ಯಾವ ಟೆಸ್ಟು, ಯಾಕೆ, ಎಲ್ಲಾ ಅವರಿಗೆ ಹೇಳಬೇಕಾಯ್ತು. ಮಕ್ಕಳಿಗೂ ಹೇಳಿರಲಿಲ್ಲ ಅವಳು. ಇವತ್ತು ಬೀದಿಗೆಲ್ಲಾ ಗೊತ್ತು."

"ನಾನು—"

"ಮ್ಯಾನೇಜರ್ ಮೇಲೆ ನನಗೆ ಇಷ್ಟು ಕೋಪ ಇಲ್ಲ. ಅವರು ನನ್ನ ಪಕ್ಕ ಕೂತಿರಲಿಲ್ಲ. ನೀವು ಕೂತಿದ್ರಿ, ದಿನಾ." ಅವನು ಕೋಲು ತೆಗೆದುಕೊಂಡ. "ಹೋಗಿ. ನಾಳೆಯಿಂದ ಬರಬೇಡಿ."

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು. ಅಳುವಲ್ಲ, ಸಿಟ್ಟು. ಮ್ಯಾನೇಜರ್ ಮೇಲೆ, ಅವನ ಮೇಲೆ, ಎಲ್ಲಕ್ಕಿಂತ ಹೆಚ್ಚು ಲೀಡ್ ಅನ್ನೋ ಒಂದು ಮಾತಿಗೆ ಬಾಯಿ ಮುಚ್ಚಿಕೊಂಡ ತನ್ನ ಮೇಲೆ.

ಮೇಜಿಗೆ ಬಂದು ಹದಿನಾಲ್ಕೂ ಆ್ಯಪ್‌ಗಳ ತಂಡಗಳಿಗೆ ಬರೆದಳು. 'ನನ್ನ ಕ್ಯಾಲೆಂಡರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕಣ್ಣು ಕಾಣದವರಿಗೆ ಇದನ್ನು ಬಳಸಲಾಗದು. ಇದನ್ನು ಯಾರೂ ಪಾಸ್ ಮಾಡಿಲ್ಲ, ಹಾಕಿರುವ ಹೆಸರು ಸುಳ್ಳು. ಅದು ನನಗೆ ಮೊದಲ ದಿನವೇ ಗೊತ್ತಿತ್ತು, ಹೇಳಲಿಲ್ಲ.' ಇನ್ನೊಮ್ಮೆ ಓದದೆ ಕಳಿಸಿದಳು.

ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಬಂದರು. "ಮರ್ಯಾದೆ ತೆಗೆದುಬಿಟ್ಟೆ. ಲೀಡ್ ಗೀಡ್ ಎಲ್ಲಾ ಮರೆತುಬಿಡು."

"ಮರೆತೆ ಸರ್. ಎರಡು ವಾರ ಕೊಡಿ, ಸರಿಯಾದದ್ದು ಕೊಡ್ತೀನಿ." ಹದಿನಾಲ್ಕು ತಂಡಗಳು ಕಣ್ಣಿಟ್ಟಿರುವಾಗ ಅವರು ಇಲ್ಲ ಅನ್ನುವಂತಿರಲಿಲ್ಲ.

ಸಂಜೆ ಎಲ್ಲರೂ ಹೊರಡುವ ಹೊತ್ತಿಗೆ ಕಾರಿಡಾರಿನಲ್ಲಿ ಕೋಲಿನ ಸದ್ದು ಕೇಳಿಸಿತು. ಅವನು ಅವಳ ಮಹಡಿಗೆ ಯಾವತ್ತೂ ಬಂದವನಲ್ಲ. ಮೇಜು ಯಾವುದೆಂದು ಯಾರನ್ನೋ ಕೇಳಿ, ಎದುರು ಬಂದು ನಿಂತ. ಮುಖ ಇನ್ನೂ ಗಂಟಿಕ್ಕಿತ್ತು.

"ಮೇಲ್ ಓದಿದೆ. ನನಗೋಸ್ಕರ ತ್ಯಾಗ ಮಾಡಿ ಅಂತ ನಾನು ಕೇಳಿದ್ನಾ?"

ಅವಳು ಕುರ್ಚಿ ತಳ್ಳಿ ಎದ್ದಳು. "ತ್ಯಾಗ ಅಂತ ಯಾರು ಹೇಳಿದ್ದು? ತಪ್ಪು ನಂದು, ತಿದ್ದಿದ್ದೂ ನಾನು. ನಿನಗೋಸ್ಕರ ಅಂತ ಅಂದುಕೊಂಡು ಇಲ್ಲಿವರೆಗೂ ಬಂದೆಯಾ ಜಗಳಕ್ಕೆ? ಎಲ್ಲಾ ನಿನ್ನ ಸುತ್ತಾನೇ ತಿರುಗಲ್ಲ."

ಅವನ ಕೆಳತುಟಿ ಒಂದು ಬದಿಗೆ ಸರಿಯಿತು.

"ಏನು?" ಅಂದಳು.

"'ನೀನು' ಅಂದ್ರಿ."

ಅವಳಿಗೂ ಆಗಲೇ ಗೊತ್ತಾದದ್ದು. "ಸಿಟ್ಟಲ್ಲಿ ಬಂತು."

"ಹಾಗಾದ್ರೆ ಸಿಟ್ಟು ಇಳಿಯೋದರೊಳಗೆ ಮಿಕ್ಕಿದ್ದೂ ಹೇಳಿಬಿಡು."

ದೂರದಲ್ಲಿ ಯಾರೋ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಅವಳು ಮೇಜಿನ ಅಂಚು ಗಟ್ಟಿಯಾಗಿ ಹಿಡಿದಳು.

"ನಿನ್ನ ಪಕ್ಕ ಕೂರೋಕೆ ಅಂತಲೇ ಎಷ್ಟೋ ಸಲ ಅರ್ಥವಾಗಿದ್ದನ್ನೂ ಅರ್ಥವಾಗಿಲ್ಲ ಅಂದಿದ್ದೀನಿ. ನಾಳೆಯಿಂದ ಬರಬೇಡ ಅಂದಾಗ ಲೀಡ್ ಹೋದದ್ದಕ್ಕಿಂತ ಜಾಸ್ತಿ ನೋವಾಯ್ತು. ಸಾಕಾ?"

"ಸಾಕಾಗಲ್ಲ. ಆದ್ರೆ ನಾನೂ ಸುಳ್ಳು ಹೇಳಿದ್ದೀನಿ. ಒಂದೇ ದಿನದಲ್ಲಿ ಹೇಳಿಕೊಡಬಹುದಾದ್ದನ್ನ ವಾರಗಟ್ಟಲೆ ಎಳೆದೆ." ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿ ಅಂದ, "ನನಗಿನ್ನೂ ಕೋಪ ಹೋಗಿಲ್ಲ."

"ನನಗೂ ಹೋಗಿಲ್ಲ."

"ಚಿಕ್ಕಮ್ಮನ ಹತ್ರ ನೀನೇ ಬಂದು ಹೇಳಬೇಕು. ನನ್ನ ಬಾಯಲ್ಲಿ ಬೇಡ."

"ಬೈತಾರಾ?"

"ಚೆನ್ನಾಗಿ ಬೈತಾಳೆ. ಮಧ್ಯೆ ನಾನು ಬಾಯಿ ಹಾಕಲ್ಲ, ಈಗಲೇ ಹೇಳಿದ್ದೀನಿ."

"ಹಾಕಬೇಡ," ಅಂದು ಅವಳು ಬ್ಯಾಗು ಹೆಗಲಿಗೇರಿಸಿದಳು. "ಇವತ್ತೇ ಹೋಗೋಣ."

ಅವನು ಖಾಲಿ ಕೈ ಮುಂದೆ ಚಾಚಿದ. ಅವಳು ಅದನ್ನು ಹಿಡಿದುಕೊಂಡಳು. ಆ ಬೆರಳುಗಳೂ ಅವಳ ಬೆರಳುಗಳಷ್ಟೇ ತಣ್ಣಗಿದ್ದವು.