ರೋಷಗಾಳ

ರೋಷಗಾಳ ನೀರಿಗಿಳಿದು ಅರ್ಧ ನಿಮಿಷವೂ ಆಗಿರಲಿಲ್ಲ, ಪೈಕ್ ಮೀನು ಎರಗಿತು. ಗಾಳದ ತುದಿಯ ತಗಡಿನ ಮರಿಮೀನನ್ನು ನುಂಗಲಿಲ್ಲ, ಸಿಗಿದು ಹಾಕಲು ನೋಡಿತು. ದೋಣಿ ಒಂದು ಕಡೆಗೆ ವಾಲಿತು.

ಅದು ಉತ್ತರ ಧ್ರುವದ ಕಡೆಯ ಒಂದು ಸರೋವರ. ಜೂನ್ ತಿಂಗಳಲ್ಲೂ ನೀರಿಗೆ ಕೈಯಿಟ್ಟರೆ ಮರಗಟ್ಟುತ್ತದೆ. ಇಂಥ ನೀರಿನ ಟ್ರೌಟ್, ಪರ್ಚ್, ಪೈಕ್ ಮೀನುಗಳು ಮಹಾ ಸೋಮಾರಿಗಳು; ದಿನವಿಡೀ ಕೂತರೂ ಗಾಳವನ್ನು ಮೂಸಿ ನೋಡುವುದಿಲ್ಲ. ಎಲ್ಲೆಲ್ಲಿಂದಲೋ ಬಂದ ಪ್ರವಾಸಿಗರ ಮುಖ ಹುಳ್ಳಗಾಗುತ್ತಿತ್ತು. ಇದಕ್ಕೆ ಮದ್ದು ಕಂಡುಹಿಡಿದವಳು ಧಾರವಾಡದ ಡಾ. ಶಾಲ್ಮಲಾ ಹುಂಡೇಕಾರ. ಗಾಳದೊಳಗಿನ ಪುಟ್ಟ ಯಂತ್ರ ಹೊರಡಿಸುವ ಕೋಪತರಂಗ ಮೀನಿನ ಮೆದುಳಿನಲ್ಲಿ ಭಯವನ್ನು ಅಡಗಿಸಿ ಸಿಟ್ಟನ್ನು ಬಡಿದೆಬ್ಬಿಸುತ್ತಿತ್ತು. ಬಾಯಿತುಂಬ ಹಲ್ಲಿರುವ ಪೈಕ್‌ಗಂತೂ ಹುಚ್ಚೇ ಹಿಡಿಯುತ್ತಿತ್ತು.

ಹಿಡಿದ ಮೀನನ್ನು ಕೊಲ್ಲುವಂತಿಲ್ಲ. ಫೋಟೋ ತೆಗೆಸಿಕೊಂಡು, ಮತ್ತೆ ನೀರಿನೊಳಗೆ ಎರಡೂ ಕೈಯಲ್ಲಿ ಹಿಡಿದಿದ್ದು, ಅದು ಸುಧಾರಿಸಿಕೊಂಡ ಮೇಲೆ ಬಿಡಬೇಕು. ಅಲ್ಲಿನ ಗಾಳಗಾರರ ಈ ಹಳೆಯ ಪದ್ಧತಿಯನ್ನು ಶಾಲ್ಮಲಾ ಕಡ್ಡಾಯ ಮಾಡಿಸಿದ್ದಳು. ಹೀಗೆ ಒಂದೊಂದು ಮೀನೂ ನಲವತ್ತು ಸಲ ಸಿಕ್ಕಿಬಿದ್ದು ನಲವತ್ತು ಸಲ ಬಿಡುಗಡೆಯಾಗಿತ್ತು. ದಯೆಯೆಂದರೆ ಇದಪ್ಪಾ!

"ತಿನ್ನುದಿಲ್ಲ ಅಂತಾದ್ರೆ ಹಿಡಿಯುದು ಎಂತಕ್ಕೆ ಮೇಡಂ?" ಕೊಕ್ಕೆ ಬಿಡಿಸುತ್ತ ಅವಳ ದೋಣಿ ನಡೆಸುವ ಮಲ್ಪೆಯ ಶೀನ ತಿಂಗಳಾಯ ಗೊಣಗಿದ. "ನಮ್ಮಲ್ಲಿ ಹಿಡಿದ ಮೀನು ಸೀದಾ ಸಾರಿಗೆ. ಇವು ಈಗೀಗ ಕೈ ಕಂಡ್ರೆ ಸಾಕು, ತಿರುಗಿ ಬೀಳ್ತವೆ. ನಂಗೆ ಹೆದ್ರಿಕೆ ಆಗ್ತದೆ."

"ಮೀನಿಗೆ ಅಷ್ಟೆಲ್ಲಾ ನೆನಪು ಇರಂಗಿಲ್ರಿ ಶೀನಣ್ಣಾ. ತರಂಗ ಬಂದ್ ಮಾಡೀನಿ. ಮೆಲ್ಲಕ ಬಿಡ್ರಿ," ಎಂದಳು ಎದುರಿಗೆ ಕೂತಿದ್ದ ಶಾಲ್ಮಲಾ.

ಶೀನ ಮೀನಿನೊಂದಿಗೆ ಕೈ ಇಳಿಸಿದ. ಪೈಕ್ ಗಕ್ಕನೆ ತಿರುಗಿ ಅವನ ಬಲಗೈಗೆ ಬಾಯಿ ಹಾಕಿತು. ಒಳಕ್ಕೆ ಬಾಗಿದ ಹಲ್ಲುಗಳು. ಎಳೆದುಕೊಂಡಷ್ಟೂ ಮಾಂಸ ಹರಿಯಿತು. ಅಷ್ಟರಲ್ಲಿ ಇನ್ನೆರಡು ಮೇಲೆದ್ದು ಮೊಣಕೈಯನ್ನು ಕಚ್ಚಿ ಜಗ್ಗಿದವು. ನೀರು ಕೆಂಪಾಯಿತು.

"ಹೊಡೀರಿ ಮೇಡಂ! ತಲೆಗೆ ಹೊಡೀರಿ!"

ಜೀವಮಾನದಲ್ಲಿ ಒಂದು ಮೀನನ್ನೂ ಕೊಲ್ಲದ ಶಾಲ್ಮಲಾ ದೋಣಿಯ ಹುಟ್ಟು ಎತ್ತಿ ಬಡಿದಳು. ಬಡಿಯುತ್ತಲೇ ಹೋದಳು. ಬುರುಡೆ ಒಡೆಯಿತು, ಕಣ್ಣುಗುಡ್ಡೆ ಹಾರಿ ಅವಳ ಕೆನ್ನೆಗೆ ಬಡಿಯಿತು. ಶೀನನ ಕೈ ಹೊರಬಂದಾಗ ಮೂರು ಬೆರಳು ಇರಲಿಲ್ಲ. ತನ್ನ ಸ್ಕಾರ್ಫ್ ಸುತ್ತುತ್ತ ಅವಳು ಗಳಗಳನೆ ಅತ್ತಳು.

ಯಂತ್ರ ಆರಿಸಿದ್ದರೂ ಮೀನುಗಳು ದೋಣಿಯನ್ನು ಸುತ್ತುತ್ತಲೇ ಇದ್ದವು. ಆಗ ಅವಳಿಗೆ ಹೊಳೆಯಿತು. ರೋಷ ಉಕ್ಕಿದಾಗಲೆಲ್ಲ ಕೊನೆಗೆ ಅವುಗಳಿಗೆ ಎದುರಾದದ್ದು ಮನುಷ್ಯನ ಕೈ. ಈಗ ತರಂಗವೇ ಬೇಡ, ಕೈ ಕಂಡರೆ ಸಾಕು. ಸತ್ತ ಮೀನು ಏನನ್ನೂ ಕಲಿಯುವುದಿಲ್ಲ. ಇವನ್ನು ಬಿಟ್ಟು ಬಿಟ್ಟು ಕಲಿಸಿದವಳು ಅವಳೇ.

ತಲೆಯೆತ್ತಿ ನೋಡಿದಳು. ಸರೋವರದ ತುಂಬ ದೋಣಿಗಳು. ಹತ್ತಿರದ ಒಂದರಲ್ಲಿ ಪ್ರವಾಸಿ ಮುದುಕಿಯೊಬ್ಬಳು ಪೈಕ್‌ಗೆ ಮುತ್ತಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದಳು.

"ಬಿಡಬ್ಯಾಡ್ರೀ! ಕೊಲ್ರೀ ಅದನ್ನ! ನೀರಾಗ ಕೈ ಹಾಕಬ್ಯಾಡ್ರೀ!"

ಗಾಬರಿಯಲ್ಲಿ ಬಾಯಿಂದ ಹೊರಟದ್ದು ಧಾರವಾಡದ ಕನ್ನಡ. ಮುದುಕಿ ನಗುತ್ತ ತಲೆಯಾಡಿಸಿದಳು. ಆಮೇಲೆ, ನಿಯಮದಲ್ಲಿ ಇದ್ದ ಹಾಗೆಯೇ, ಎರಡೂ ಕೈಗಳನ್ನು ನೀರಿಗಿಳಿಸಿದಳು.