ಕೊನೆಯ ಗಾಡಿ

"ನಿಲ್ಲಿಸಿ... ನಿಲ್ಲಿಸಿ!"

ಬೇಕರಿಯವಳು ಬ್ರೇಕ್ ಒತ್ತಿದಳು. ಹಿಂದೆ ಬ್ರೆಡ್ಡಿನ ಟ್ರೇಗಳು ಒಂದರ ಮೇಲೊಂದು ಮುಗ್ಗರಿಸಿದವು. ವ್ಯಾನಿನ ಮೂತಿಗೆ ಮೊಳ ದೂರದಲ್ಲಿ ಕೆಂಪು ಬಾವುಟ, ಅದರ ಹಿಂದೆ ಒಬ್ಬ ಗಂಡಸು.

"ಕಣ್ಣು ಕಾಣಲ್ವಾ ನಿಮಗೆ?" ಎಂದಳು.

"ಕಾಣುತ್ತೆ. ಅದಕ್ಕೇ ನಿಲ್ಲಿಸಿದ್ದು. ಸೈಡಿಗೆ ಹಾಕಿ, ಹಿಂದಿನವರು ಹೋಗಲಿ."

ಗುಡ್ಡಗಳ ಮೈಗೆ ಸುತ್ತಿಕೊಂಡ ಹೆದ್ದಾರಿಗೆ ಡಾಂಬರು ಹಾಕುತ್ತಿದ್ದರು. ಒಂದೇ ಬದಿ ತೆರೆದಿತ್ತು. ಈ ಕಡೆಯವರು ದಾಟಿದ ಮೇಲೆ ಆ ಕಡೆಯವರು. ನಡುವೆ ಬರೀ ತಿರುವು, ಫೋನೂ ಹತ್ತುವುದಿಲ್ಲ. ಲಾರಿ, ಕಾರು, ಕೋಳಿ ಗಾಡಿ ಎಲ್ಲವೂ ಅವಳನ್ನು ದಾಟಿ ಹೋದವು. ಆಮೇಲೆ ಅವನು ಕೆಂಪು ಬಟ್ಟೆ ಕಟ್ಟಿದ ಕೋಲೊಂದನ್ನು ಕಿಟಕಿಯೊಳಗೆ ಚಾಚಿದ.

"ಆ ತುದೀಲಿ ನಮ್ಮ ಸೋದರಮಾವ ಇದ್ದಾರೆ, ಅವರ ಕೈಗೆ ಕೊಡಿ. ಕೊನೇ ಗಾಡಿ ಯಾವುದು ಅಂತ ಅವರಿಗೆ ಗೊತ್ತಾಗೋದು ಇದರಿಂದಾನೇ. ಕೋಲು ಕೈಗೆ ಬರೋವರೆಗೂ ಒಂದು ಸೈಕಲ್ಲನ್ನೂ ಬಿಡಲ್ಲ ಅವರು."

ಕೊಟ್ಟಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಎಲ್ಲಿ ಮುಗಿಯುತ್ತೆ! ಮರುದಿನವೂ ಅವಳೇ ಕೊನೆ. ಅದರ ಮರುದಿನವೂ. ಸಾಲಿನಲ್ಲಿ ಎಷ್ಟೇ ಮುಂದಿದ್ದರೂ ಅವಳ ವ್ಯಾನನ್ನೇ ಬದಿಗೆ ಹಾಕಿಸುತ್ತಿದ್ದ. ಕಾಯುವಷ್ಟು ಹೊತ್ತು ಕಿಟಕಿಯ ಪಕ್ಕ ನಿಂತು ಏನಾದರೊಂದು ಹೇಳುತ್ತಿದ್ದ.

"ಇವತ್ತು ಬನ್ನು ಸ್ವಲ್ಪ ಸೀದಿದೆ. ವಾಸನೇಲೇ ಗೊತ್ತಾಗುತ್ತೆ."

"ನಿಮ್ಮ ಡಾಂಬರಿನ ವಾಸನೆ ಅದು!"

ಮನೆಯಲ್ಲಿ ಹಿಟ್ಟು ನಾದುತ್ತಾ ಅವನನ್ನು ಬೈದದ್ದೇ ಬೈದದ್ದು. ಬೇಕರಿ ನಡೆಸುವ ಚಿಕ್ಕಮ್ಮ ಕೇಳಿ ಕೇಳಿ ಕಡೆಗೆ, "ಅಲ್ಲ ಕಣೇ, ಬೈಯೋವಾಗ ಮುಖ ಯಾಕೆ ಹಾಗೆ ಅರಳಿರುತ್ತೆ?" ಎಂದಳು.

"ಒಲೆ ಬಿಸಿ, ಚಿಕ್ಕಮ್ಮ."

"ಒಲೆ ಇನ್ನೂ ಹಚ್ಚಿಲ್ಲ."

ಹೀಗೆ ವಾರಗಳು ಹೋದವು. ಒಂದು ಬೆಳಗ್ಗೆ ಅವನು ಕೋಲು ಕೊಡುತ್ತಾ ಹೇಳಿದ.

"ನಾಳೆಯಿಂದ ನಿಮಗೆ ಈ ಕಾಟ ಇಲ್ಲ. ಸಂಜೆಗೆ ಕೆಲಸ ಮುಗಿಯುತ್ತೆ."

"ಮತ್ತೆ... ನೀವು?"

"ಬೇರೆ ರಸ್ತೆ."

ಅಷ್ಟೇ. ಲಾರಿ ನಂಬರು ಓದಿದ ಹಾಗೆ!

'ಬೇರೆ ರಸ್ತೆಯಂತೆ. ಅಲ್ಲೂ ಯಾವಳನ್ನೋ ಸೈಡಿಗೆ ಹಾಕಿಸ್ತಾನೆ. ಕೋಲು ಹೊರೋಕೆ ಒಂದು ಗಾಡಿ ಬೇಕಿತ್ತು, ನಾನು ಸಿಕ್ಕಿದೆ...'

ಗುಡ್ಡದ ಮೇಲೆ ಗುಡ್ಡ, ಹಸಿರಿನ ಮೇಲೆ ಹಸಿರು. ಕೆಳಗೆ ಕಣಿವೆಯಲ್ಲಿ ಕುರಿಗಳು ಉದುರಿದ ಹತ್ತಿಯಂತೆ ಚದುರಿದ್ದವು. ಒಂದನ್ನೂ ಅವಳು ನೋಡಲಿಲ್ಲ. ಆ ತುದಿ ಬಂತು, ಹೋಯಿತು, ಮಾವ ಕೈಚಾಚಿದ್ದೂ ಕಾಣಲಿಲ್ಲ. ಟೈರು ಅಂಗಡಿ, ನೀರಿನ ಟ್ಯಾಂಕು, ಶಾಲೆ, ಪುಟ್ಟ ಪೇಟೆ. ಕ್ಯಾಂಟೀನಿನ ಮುಂದೆ ಟ್ರೇ ಇಳಿಸಲು ಹೋದಾಗ ಪಕ್ಕದ ಸೀಟಿನಲ್ಲಿ ಕೆಂಪು ಬಟ್ಟೆ ಕಂಡಿತು.

ಕೋಲು!

ಟ್ರೇ ಇಳಿಸದೆಯೇ ವ್ಯಾನು ತಿರುಗಿಸಿದಳು.

ಹೋಗಿ ನೋಡಿದರೆ ಜಾತ್ರೆ! ಸಾಲುಗಟ್ಟಿದ ಲಾರಿಗಳು, ಕಿವಿ ಕಿತ್ತುಹೋಗುವ ಹಾರನ್ನು. ನಡುವೆ ಮಾವ ಕಂಬದಂತೆ ನಿಂತಿದ್ದ.

"ಕೋಲು ಬರದೆ ಬಿಡಲ್ಲ ಅಂದ್ರೆ ಬಿಡಲ್ಲ! ಎದುರಿಂದ ಇನ್ನೂ ಗಾಡಿ ಬಂದ್ರೆ ಕಣಿವೆಗೆ ನಿಮ್ಮಪ್ಪ ಇಳೀತಾನಾ?"

ಅವಳು ಕೋಲು ಹಿಡಿದು ಓಡಿದಳು. ಆಗಲೇ ತಿರುವಿನಿಂದ ಅವನೂ ಬಂದ, ಓಡುತ್ತಾ. ಮೊಣಕಾಲವರೆಗೆ ಡಾಂಬರು, ಅಂಗಿ ಒದ್ದೆ. ಅವಳನ್ನು ಕಂಡವನೇ ಅಲ್ಲೇ ಡ್ರಮ್ಮಿನ ಮೇಲೆ ಕುಸಿದು ಕೂತ.

"ಕ್ಷಮಿಸಿ... ಮರೆತೇಬಿಟ್ಟೆ. ನೀವ್ಯಾಕೆ ಓಡಿ ಬಂದ್ರಿ?" ಎಂದಳು ಅವಳು.

"ಈ ಕಡೆಯಿಂದ ಒಂದು ಗಾಡೀನೂ ಬರಲಿಲ್ಲ. ಅಂದ್ರೆ ಕೋಲು ತಲುಪಿಲ್ಲ. ಕೋಲು ತಲುಪಿಲ್ಲ ಅಂದ್ರೆ..." ಅವನು ಕಣಿವೆಯ ಕಡೆ ಕೈ ತೋರಿಸಿದ. "ಬಾವುಟ ಜೊತೆಯವನ ಕೈಗೆ ಕೊಟ್ಟು, ಪ್ರತಿ ತಿರುವಲ್ಲೂ ಕೆಳಗೆ ಬಗ್ಗಿ ನೋಡ್ಕೊಂಡು ಬಂದೆ. ನಿಮ್ಮ ವ್ಯಾನು ಎಲ್ಲಾದ್ರೂ..."

ಅವಳು ಕೋಲನ್ನು ಮಾವನ ಕೈಗೆ ಕೊಟ್ಟಳು. ಕಣ್ಣು ತುಂಬಿತು.

"ದಿನಾ ನನ್ನನ್ನೇ ಯಾಕೆ ಕೊನೇಲಿ ನಿಲ್ಲಿಸ್ತಿದ್ರಿ?"

"ಮೊದಲು, ಕೊಟ್ಟ ಕೋಲು ಸರಿಯಾಗಿ ತಲುಪಿಸ್ತೀರಿ ಅಂತ." ಅವನು ಬೆರಳಿನ ಡಾಂಬರು ಕೆರೆದ. "ಆಮೇಲೆ... ಎಲ್ಲರನ್ನೂ ಕಳಿಸಿಬಿಟ್ರೆ ನೀವೊಬ್ಬರೇ ಉಳೀತಿದ್ರಿ, ಅದಕ್ಕೆ."

"ಬೆಳಗ್ಗೆ ಬಾಯಲ್ಲಿ ಏನು ತುಂಬ್ಕೊಂಡಿದ್ರಿ? ಆಗಲೇ ಹೇಳೋಕೇನಾಗಿತ್ತು?"

"ದಿನಾ ಬೈತಿದ್ರಲ್ಲ. ಕಾಟ ತಪ್ಪಿತು ಅಂತ ಖುಷಿಪಡ್ತೀರಿ ಅಂದ್ಕೊಂಡೆ."

"ಪ್ರೀತಿ ಇಲ್ಲದೋರನ್ನ ದಿನಾ ಬೈಯೋಕೆ ನನಗೇನು ಬೇರೆ ಕೆಲಸ ಇಲ್ವಾ?"

ಹೇಳಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾವ ಕೆಮ್ಮಿದ. ಒಂದೊಂದಾಗಿ ಲಾರಿಗಳನ್ನು ಬಿಟ್ಟ. ಸೋದರಳಿಯನನ್ನು ರಟ್ಟೆ ಹಿಡಿದು ಎಬ್ಬಿಸಿ ವ್ಯಾನಿಗೆ ಹತ್ತಿಸಿದ. ಕಡೆಯ ಲಾರಿ ದಾಟಿದ ಮೇಲೆ ಕೆಂಪು ಕೋಲನ್ನು ಕಿಟಕಿಯೊಳಗೆ ಚಾಚಿದ.

"ನೀವಿಬ್ಬರೂ ಕೊನೆ. ಈ ಸಲವಾದ್ರೂ ತಲುಪಿಸಮ್ಮ!"

ವ್ಯಾನು ಹೊಸ ಡಾಂಬರಿನ ಪಕ್ಕ ಮೆಲ್ಲಗೆ ಗುಡ್ಡ ಹತ್ತಿತು. ಈಗ ಅವಳಿಗೆ ಕುರಿಗಳು ಕಂಡವು. ಕಣಿವೆ ಕಂಡಿತು, ಅದರಾಚೆಯ ಊರಿನ ಹೆಂಚುಗಳೂ ಕಂಡವು.

"ಕ್ಯಾಂಟೀನಿನ ಬ್ರೆಡ್ಡು?" ಎಂದ ಅವನು.

"ಚಿಕ್ಕಮ್ಮ ಬೈತಾರೆ. ಬೈಲಿ."

ಇನ್ನೊಂದು ತಿರುವು ದಾಟಿದ ಮೇಲೆ ಅವನು ಅವಳ ಕಡೆ ತಿರುಗಿದ.

"ಯಾಕೆ ಇಷ್ಟು ನಿಧಾನ?"

ಅವಳು ಕನ್ನಡಿಯಲ್ಲಿ ಹಿಂದಿನ ಖಾಲಿ ರಸ್ತೆಯನ್ನು ನೋಡಿ ನಕ್ಕಳು.

"ನಮ್ಮ ಹಿಂದೆ ಯಾರೂ ಇಲ್ವಲ್ಲ..."